ಕಲ್ಲಿನ ಭಾರ, ಬೋಲ್ಟಿನ ಬಿಗಿ

ಲೇಪಾಕ್ಷಿಯ ವೀರಭದ್ರ ದೇವಾಲಯಕ್ಕೆ ಹೋದವರು ಒಂದು ಕಂಬದ ಬುಡದಲ್ಲಿ ಬಟ್ಟೆ ತೂರಿಸದೆ ಬರುವುದಿಲ್ಲ. ಮಂಟಪದ ಸುಮಾರು 70 ಕಂಬಗಳಲ್ಲಿ ಆ ಒಂದು ಕಂಬ ನೆಲಕ್ಕೆ ಪೂರ್ತಿ ಕೂತಿಲ್ಲ. ಸೆರಗು ಈ ಕಡೆಯಿಂದ ಹೋಗಿ ಆ ಕಡೆ ಬಂದರೆ ಮನೆಗೆ ಒಳ್ಳೆಯದು ಎಂಬ ನಂಬಿಕೆ. ಬ್ರಿಟಿಷ್ ಎಂಜಿನಿಯರೊಬ್ಬ ಇದರ ಗುಟ್ಟು ಹುಡುಕಲು ಹೋಗಿ ಕಂಬವನ್ನು ಅಲ್ಲಾಡಿಸಿಬಿಟ್ಟ ಎಂಬುದು ಗೈಡುಗಳ ಕಥೆ. ಪವಾಡದ ಮಾತು ಹಾಗಿರಲಿ. ಮನೆ ಕಟ್ಟಿಸುವವರಿಗೆ ಬೇಕಾದ ಪ್ರಶ್ನೆ ಬೇರೆಯೇ ಇದೆ. ಒಂದು ಕಂಬ ಕೆಲಸ ಬಿಟ್ಟರೂ ಮೇಲಿನ ಚಪ್ಪಡಿಗಳಿಗೆ ಏನೂ ಆಗಿಲ್ಲವಲ್ಲ, ಹೇಗೆ?

ಅದರ ಪಾಲಿನ ಹೊರೆಯನ್ನು ತೊಲೆಗಳು ಅಕ್ಕಪಕ್ಕದ ಕಂಬಗಳಿಗೆ ದಾಟಿಸಿವೆ, ಅಷ್ಟೆ. ಅಚ್ಯುತದೇವರಾಯನ ಕಾಲದಲ್ಲಿ (1529–1542) ವಿರೂಪಣ್ಣ, ವೀರಣ್ಣ ಸಹೋದರರು ಕಟ್ಟಿಸಿದ ಈ ಗುಡಿಯ ಗೋಡೆಗಳ ಮೇಲೆ ಕನ್ನಡ ಶಾಸನಗಳಿವೆ, ಕಂಬಗಳಲ್ಲಿ ನರ್ತಕಿಯರಿದ್ದಾರೆ, ನೋಡುವ ಕಣ್ಣಿಗೆ ಬೋಲ್ಟು ಮಾತ್ರ ಇಲ್ಲ. ವಿಜಯನಗರದವರ ಕಲ್ಲುಗೆಲಸ ಬಹುಪಾಲು ಭಾರವನ್ನೇ ನೆಚ್ಚಿಕೊಂಡದ್ದು. ಕಲ್ಲಿನ ಮೇಲೆ ಕಲ್ಲು ಕೂತು ಒತ್ತುತ್ತದೆ, ಒತ್ತಿದಷ್ಟೂ ಸಂದು ಗಟ್ಟಿ. ಹಿಂದಿರುವ ಕಲ್ಯಾಣಮಂಟಪಕ್ಕಂತೂ ಚಾವಣಿಯನ್ನೇ ಹಾಕಲಿಲ್ಲ, ಕೆಲಸ ಅರ್ಧಕ್ಕೆ ನಿಂತಿತು. ಆ ಕಂಬಗಳೂ ಬಯಲಿನಲ್ಲಿ ಹಾಗೇ ನಿಂತುಕೊಂಡಿವೆ.

ಅಲ್ಲಿಂದ ಹಿಂದೂಪುರಕ್ಕೆ ಬರುವ ಹದಿನೈದು ಕಿಲೋಮೀಟರ್ ದಾರಿಯ ಎರಡೂ ಬದಿ ನೋಡಿ. ತಗಡಿನ ಚಾವಣಿಯ ಗೋದಾಮು, ರೇಷ್ಮೆಹುಳು ಸಾಕುವ ಮನೆ, ಕಲ್ಯಾಣಮಂಟಪ, ಪೆಟ್ರೋಲ್ ಬಂಕಿನ ಮೇಲಾವರಣ, ಟಾರಸಿ ಮೇಲೆ ನೀರಿನ ಟ್ಯಾಂಕು, ಸೋಲಾರ್ ಹೀಟರ್, ಜಾಹೀರಾತು ಫಲಕ. ಎಲ್ಲವೂ ಹಗುರ. ಹಗುರವಾದದ್ದನ್ನು ಏನಾದರೊಂದು ಹಿಡಿದುಕೊಳ್ಳಬೇಕಲ್ಲ, ಆ ಕೆಲಸ ಬೋಲ್ಟು, ಸ್ಕ್ರೂ, ಆಂಕರುಗಳ ಪಾಲಿಗೆ ಬಂದಿದೆ. ಸುಮಾರು ಐನೂರು ವರ್ಷದ ಹಿಂದೆ ಭಾರ ಮಾಡುತ್ತಿದ್ದ ಕೆಲಸವನ್ನು ಈಗ ಬೆರಳುದ್ದದ ಕಬ್ಬಿಣ ಮಾಡುತ್ತಿದೆ. ಕೊಳ್ಳುವಾಗ ಮಾತ್ರ ನಾವು ಅದನ್ನು ಇನ್ನೂ ಚಿಲ್ಲರೆ ಸಾಮಾನು ಎಂದೇ ನೋಡುತ್ತೇವೆ.

ಒಂದು ಲೆಕ್ಕ ಹಾಕೋಣ. 20 ಸೆಂಟಿಮೀಟರ್ ದಪ್ಪದ ಗ್ರಾನೈಟ್ ಚಪ್ಪಡಿ ಚದರ ಮೀಟರಿಗೆ ಸುಮಾರು 540 ಕಿಲೋ ತೂಗುತ್ತದೆ. ಅರ್ಧ ಮಿಲಿಮೀಟರ್ ತಗಡು ತೂಗುವುದು ನಾಲ್ಕೈದು ಕಿಲೋ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಹೇಳಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ 66 ಕಿಲೋ ದಾಟುತ್ತದೆ. ಅದೂ ಚಾವಣಿಯನ್ನು ಕೆಳಕ್ಕೆ ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ. ಅಂಚಿನಲ್ಲಿ, ಮೂಲೆಯಲ್ಲಿ ಹೀರುವಿಕೆ ಇನ್ನೂ ಜೋರು; ಬಾಗಿಲು ತೆರೆದಿದ್ದು ಗಾಳಿ ಒಳಗೂ ತುಂಬಿಕೊಂಡರೆ ಎರಡೂ ಸೇರಿ ನೂರು ಕಿಲೋ ಮೀರುವುದು ಕಷ್ಟವಲ್ಲ. ಕಲ್ಲಿನ ಚಪ್ಪಡಿಗೆ ಇದು ಗೊತ್ತೂ ಆಗುವುದಿಲ್ಲ. ತಗಡಿಗೆ ತನ್ನ ತೂಕದ ಇಪ್ಪತ್ತು ಪಟ್ಟು ಎಳೆತ. ಆ ಇಪ್ಪತ್ತು ಪಟ್ಟನ್ನು ತಡೆಯಬೇಕಾದ್ದು ಸ್ಕ್ರೂ.

ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿನೊಂದಿಗೆ ಬೀಸುವ ಗಾಳಿಗೆ ಈ ಸೀಮೆಯಲ್ಲೂ, ಗಡಿಯಾಚೆ ಕರ್ನಾಟಕದ ಪಾವಗಡ, ಮಧುಗಿರಿ, ಗೌರಿಬಿದನೂರು ಕಡೆಯೂ ತಗಡು ಹಾರುವುದು ಹೊಸ ಸುದ್ದಿಯಲ್ಲ. ಮರುದಿನ ಎಲ್ಲರೂ ಗಾಳಿಯನ್ನು ಬೈಯುತ್ತಾರೆ. ಹಾರಿಬಿದ್ದ ತಗಡನ್ನು ಎತ್ತಿ ತೂತುಗಳನ್ನು ನೋಡಿದರೆ ಬೇರೆ ಕಥೆ ಸಿಗುತ್ತದೆ. ತೂತು ದುಂಡಗೇ ಇದ್ದರೆ ಸ್ಕ್ರೂ ತಗಡನ್ನು ಹೊತ್ತ ಕೆಳಗಿನ ಅಡ್ಡಪಟ್ಟಿಯಿಂದ, ಅಂದರೆ ಪರ್ಲಿನ್ನಿನಿಂದ, ಕಿತ್ತು ಬಂದಿದೆ: ಪರ್ಲಿನ್ ತೆಳು, ಇಲ್ಲವೇ ಡ್ರಿಲ್ ಮೆಷಿನ್ನು ಜೋರಾಗಿ ತಿರುಗಿ ಆಟೆ (ಸ್ಕ್ರೂ ಹಿಡಿಯುವ ಸುರುಳಿ ಗೀರು) ಸವೆದುಹೋಗಿದೆ. ತೂತು ಅಗಲವಾಗಿ ಸೀಳಿದ್ದರೆ ಸ್ಕ್ರೂ ಗಟ್ಟಿಯಾಗಿಯೇ ನಿಂತಿದೆ, ತಗಡು ಅದರ ತಲೆಯ ಮೇಲಿಂದ ಹರಿದುಕೊಂಡು ಹೋಗಿದೆ: ವೈಸರ್ ಸಣ್ಣದು ಅಥವಾ ಅದರ ರಬ್ಬರು ಬಿಸಿಲಿಗೆ ಸತ್ತಿದೆ. ಎಷ್ಟೋ ಕಡೆ ತೂತೇ ಇರುವುದಿಲ್ಲ. ತಗಡಿನ ಒಂದು ಬಿಟ್ಟು ಒಂದು ಏಣಿಗೆ (ಉಬ್ಬಿದ ಸಾಲಿಗೆ) ಹೊಡೆಯಬೇಕಾದ ಕಡೆ ಮೂರು ನಾಲ್ಕು ಏಣು ಬಿಟ್ಟು ಹೊಡೆದಿರುತ್ತಾರೆ. ಅಂಚಿಗೂ ನಡುವಿಗೂ ಒಂದೇ ಅಂತರ. ಗಾಳಿಗೆ ಆ ಸಮಾನತೆ ಗೊತ್ತಿಲ್ಲ, ಅದು ಅಂಚಿನಿಂದಲೇ ಶುರುಮಾಡುತ್ತದೆ.

ಸ್ಕ್ರೂ ಉಳಿದರೂ ತಗಡು ಹರಿದುಹೋಗುವ ಪಾಠವನ್ನು ಜಗತ್ತು ಕಲಿತದ್ದು ಆಸ್ಟ್ರೇಲಿಯಾದ ಡಾರ್ವಿನ್ ನಗರದಲ್ಲಿ. 1974ರ ಕ್ರಿಸ್‌ಮಸ್ ಮುಂಜಾನೆ ಟ್ರೇಸಿ ಚಂಡಮಾರುತ ಅಲ್ಲಿನ ಶೇಕಡಾ 70ರಷ್ಟು ಮನೆಗಳನ್ನು ಹಾಳುಮಾಡಿತು. ಸ್ಕ್ರೂಗಳು ಸುಮಾರು ಕಡೆ ಜಾಗದಲ್ಲೇ ಇದ್ದವು, ತಗಡು ಇರಲಿಲ್ಲ. ಗಾಳಿ ಒಂದೇ ಏಟಿಗೆ ಎಳೆದಿರಲಿಲ್ಲ. ಗಂಟೆಗಟ್ಟಲೆ ಎತ್ತಿ ಇಳಿಸಿ, ಎತ್ತಿ ಇಳಿಸಿ ಸ್ಕ್ರೂ ತಲೆಯ ಸುತ್ತ ತಗಡಿನಲ್ಲಿ ಬಿರುಕು ಹುಟ್ಟಿಸಿತ್ತು. ಒಮ್ಮೆ ಎಳೆದು ನೋಡುವ ಪರೀಕ್ಷೆಯಲ್ಲಿ ಪಾಸಾದ ಜೋಡಣೆ ಸಾವಿರ ಸಲದ ಮಿಡಿತಕ್ಕೆ ಸೋತಿತು. ಆಮೇಲೆ ಅಲ್ಲಿ ಚಾವಣಿಗಳನ್ನು ಹೀಗೆ ಮಿಡಿಸಿ ಮಿಡಿಸಿಯೇ ಪರೀಕ್ಷಿಸುವ ಪದ್ಧತಿ ಬಂತು.

ಹಿಂದೂಪುರವಿರುವ ಅನಂತಪುರ ಸೀಮೆ ದೇಶದಲ್ಲೇ ತೀರ ಕಡಿಮೆ ಮಳೆಯ ಪ್ರದೇಶಗಳಲ್ಲೊಂದು. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು. ಸಮುದ್ರ ದೂರ, ಗಾಳಿ ಒಣ. ಇಲ್ಲಿ ತುಕ್ಕಿನ ಚಿಂತೆ ಯಾಕೆ ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ತೆರೆದ ಗೋದಾಮಿನ ಬೋಲ್ಟು ಇಲ್ಲಿ ಮಂಗಳೂರಿನ ಬೋಲ್ಟಿಗಿಂತ ಎಷ್ಟೋ ಪಾಲು ಹೆಚ್ಚು ಬಾಳುತ್ತದೆ. ಆದರೆ ಹಿಂದೂಪುರ, ಮಡಕಶಿರಾ ಸುತ್ತಿನ ರೈತ ಈ ಒಣನಾಡಿನ ನಡುವೆಯೇ ಒಂದು ಕರಾವಳಿಯನ್ನು ಕಟ್ಟಿಕೊಂಡಿದ್ದಾನೆ. ಅದು ಹುಳುಮನೆ.

ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆ ದೊಡ್ಡದು, ಅದಕ್ಕೆ ಗೂಡು ಬರುವುದು ಇಂಥ ಸಾವಿರಾರು ಮನೆಗಳಿಂದ. ಹುಳುವಿಗೆ ಒಳಗಿನ ತೇವಾಂಶ ಶೇಕಡಾ 70ಕ್ಕಿಂತ ಮೇಲಿರಬೇಕು. ಬೇಸಿಗೆಯಲ್ಲಿ ಗೋಣಿತಟ್ಟು ನೆನೆಸಿ, ನೀರು ಸಿಂಪಡಿಸಿ ತೇವ ಕಾಯುತ್ತಾರೆ. ಬೆಳೆ ಮುಗಿದ ಮೇಲೆ, ಮುಂದಿನ ಬೆಳೆಗೆ ಮುನ್ನ, ರೋಗ ಬಾರದಿರಲೆಂದು ಇಡೀ ಮನೆಗೆ ಸೋಂಕುನಿವಾರಕ ಹೊಡೆಯುತ್ತಾರೆ. ಶಿಫಾರಸು ಶೇಕಡಾ 2ರ ಬ್ಲೀಚಿಂಗ್ ಪೌಡರ್, ಜೊತೆಗೆ ಶೇಕಡಾ 0.3ರ ಸುಣ್ಣದ ನೀರು. ಹುಳುವಿನ ಆರೋಗ್ಯಕ್ಕೆ ಇದು ಬೇಕೇ ಬೇಕು, ತಪ್ಪಿಸುವಂತಿಲ್ಲ. ಆದರೆ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಕೊನೆಗೆ ಕ್ಲೋರೈಡ್ ಆಗಿ ಉಳಿಯುತ್ತದೆ. ಕ್ಲೋರೈಡಿಗೆ ತೇವ ಸಿಕ್ಕರೆ ಸತುವಿನ ಪದರವನ್ನು ಮುಗಿಸಿ ಕಬ್ಬಿಣಕ್ಕೆ ಇಳಿಯುತ್ತದೆ. ಅಂಗಡಿಯ ಹೊಳೆಯುವ ಸ್ಕ್ರೂವಿಗೆ ವಿದ್ಯುತ್ ಲೇಪನದ ಸತು ಇರುವುದು ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ ಮಾತ್ರ. ಕಾದ ಸತುವಿನಲ್ಲಿ ಅದ್ದಿ ತೆಗೆದದ್ದಕ್ಕೆ ಅದರ ಹಲವು ಪಟ್ಟು ದಪ್ಪ. ಬೆಲೆಯ ವ್ಯತ್ಯಾಸ ಕೇಳಿದರೆ ಯಾರಿಗೂ ಎದೆ ಒಡೆಯುವುದಿಲ್ಲ, ಆದರೆ ಕೇಳುವವರು ಕಡಿಮೆ.

ಸ್ಕ್ರೂವಿನ ಹೊರಗಿನ ತಲೆ ಬಿಸಿಲಿನಲ್ಲಿ ಹೊಳೆಯುತ್ತಿರುತ್ತದೆ, ಒಳಗಿನ ತುದಿಗೆ ಬ್ಲೀಚಿಂಗ್ ತಾಗುತ್ತಿರುತ್ತದೆ. ಮೇಲಿಂದ ನೋಡುವವನಿಗೆ ಎಲ್ಲವೂ ಸರಿಯಾಗಿದೆ.

ಹಾಗಾದರೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿಬಿಟ್ಟರೆ ಮುಗಿಯಿತೇ? ಸ್ವಿಟ್ಜರ್ಲೆಂಡಿನ ಉಸ್ಟರ್ ಎಂಬ ಊರು ಹಾಗೇ ಅಂದುಕೊಂಡಿತ್ತು. ಅಲ್ಲಿನ ಒಳಾಂಗಣ ಈಜುಕೊಳದ ಕಾಂಕ್ರೀಟ್ ಒಳಚಾವಣಿಯನ್ನು ಸ್ಟೇನ್‌ಲೆಸ್ ಸರಳುಗಳಿಂದ ತೂಗುಹಾಕಿದ್ದರು. 1985ರ ಮೇ 9ರಂದು ಅದು ಕಳಚಿ ಬಿದ್ದು 12 ಜನ ಸತ್ತರು. ಕೊಳದ ಕ್ಲೋರಿನ್ ಆವಿಯಾಗಿ ಮೇಲೇರಿ ಸರಳಿನ ಮೇಲೆ ಕೂತು, ಎಳೆತದಲ್ಲಿದ್ದ ಲೋಹದೊಳಗೆ ಕೂದಲೆಳೆಯ ಬಿರುಕುಗಳನ್ನು ಬೆಳೆಸಿತ್ತು. ಹೊರಗೆ ಹೇಳಿಕೊಳ್ಳುವಷ್ಟು ತುಕ್ಕು ಇರಲಿಲ್ಲ. ಸಾಮಾನ್ಯ ಕಬ್ಬಿಣ ಕೆಂಪಾಗಿ, ಉಬ್ಬಿ, ಉದುರಿ ಮೊದಲೇ ಹೇಳಿಕೊಳ್ಳುತ್ತದೆ. ಸ್ಟೇನ್‌ಲೆಸ್ಸಿಗೆ ಆ ಅಭ್ಯಾಸವಿಲ್ಲ. ಹುಳುಮನೆಯ ಚಾವಣಿ ಈಜುಕೊಳದ ಚಾವಣಿಯಷ್ಟು ಭಾರವಲ್ಲ, ಅಷ್ಟರಮಟ್ಟಿಗೆ ನಾವು ಬಚಾವು. ಆದರೂ ಕ್ಲೋರಿನ್ ಇರುವ ಕಡೆ ಹೊಳಪನ್ನು ನಂಬಬಾರದು. ಸೋಂಕುನಿವಾರಕ ಹೊಡೆದ ಮೇಲೆ ಗೋಡೆ, ತೊಲೆ, ಸ್ಕ್ರೂ ತುದಿಗಳಿಗೆ ಬರಿ ನೀರು ಹಾಯಿಸಿ ಒಣಗಲು ಬಿಡುವುದು ಅಗ್ಗದ ಉಪಾಯ. ಒಳಗೆ ಇಣುಕುವ ತುದಿಗೆ ಬಣ್ಣ ಬಳಿಯುವುದು ಇನ್ನೊಂದು.

ನೀರೆಂದ ಮೇಲೆ ಬೋರ್‌ವೆಲ್ಲಿನ ಮಾತೂ ಬರಲೇಬೇಕು. ಕಾಂಕ್ರೀಟ್ ಕಲಸುವ ನೀರಿನಲ್ಲಿ ಕ್ಲೋರೈಡ್ ಎಷ್ಟಿರಬಹುದೆಂದು ಐಎಸ್ 456 ಹೇಳಿದೆ: ಕಬ್ಬಿಣವಿಲ್ಲದ ಕಾಂಕ್ರೀಟಿಗೆ ಲೀಟರಿಗೆ 2000 ಮಿಲಿಗ್ರಾಂ, ಕಬ್ಬಿಣ ಇರುವುದಕ್ಕೆ 500 ಮಾತ್ರ. ನಾಲ್ಕು ಪಟ್ಟು ವ್ಯತ್ಯಾಸ ಇಟ್ಟದ್ದು ಒಳಗಿನ ಲೋಹಕ್ಕಾಗಿ. ಸವುಳು ನೀರಿನ ಊರುಗಳಲ್ಲಿ ಮೇಸ್ತ್ರಿ ಸಿಮೆಂಟಿನ ಬ್ರಾಂಡ್ ಕೇಳುತ್ತಾನೆ, ಜಲ್ಲಿ ನೋಡುತ್ತಾನೆ, ನೀರು ಮಾತ್ರ ಪೈಪಿನಲ್ಲಿ ಬಂದದ್ದೇ ಬಂತು.

ಕಲ್ಲಿನೊಳಗೆ ಕಬ್ಬಿಣ ಹುಗಿದಾಗ ಇದೇ ಜಗಳ ಇನ್ನೊಂದು ರೂಪದಲ್ಲಿ ನಡೆಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಕೇಳುತ್ತದೆ. ತೂತಿನೊಳಗೆ ಜಾಗ ಎಲ್ಲಿದೆ? ಕಲ್ಲನ್ನೇ ಸೀಳಿಕೊಳ್ಳುತ್ತದೆ. ಹಿಂದೂಪುರ ಕಡೆಯ ತೋಟಗಳ ಕಲ್ಲುಕಂಬದ ಗೇಟುಗಳಲ್ಲಿ ಬಿಜಾಗರಿಯ ಸರಳು ಹುಗಿದ ಜಾಗದಿಂದ ಹೊರಟ ಬಿರುಕು ಕಾಣುವುದುಂಟು. ಅಥೆನ್ಸಿನ ಪಾರ್ಥೆನಾನ್ ಇದರ ದೊಡ್ಡ ಪಾಠ. ಕ್ರಿಸ್ತಪೂರ್ವ ಐದನೇ ಶತಮಾನದ ಗ್ರೀಕರು ಅಮೃತಶಿಲೆಗಳನ್ನು ಕಬ್ಬಿಣದ ಪಟ್ಟಿಗಳಿಂದ ಬೆಸೆದಾಗ ಸುತ್ತ ಸೀಸ ಎರೆದಿದ್ದರು. ಸೀಸ ಗಾಳಿ ನೀರನ್ನು ತಡೆಯಿತು. 1898ರಿಂದ 1933ರವರೆಗೆ ಜೀರ್ಣೋದ್ಧಾರ ಮಾಡಿದ ನಿಕೊಲಾಸ್ ಬಲಾನೋಸ್ ಸೀಸವಿಲ್ಲದೆ ಕಬ್ಬಿಣ ಹುಗಿಸಿದ. ಕೆಲವೇ ದಶಕಗಳಲ್ಲಿ ಅದು ಉಬ್ಬಿ ಎರಡು ಸಾವಿರ ವರ್ಷ ಬಾಳಿದ್ದ ಕಲ್ಲನ್ನು ಸೀಳತೊಡಗಿತು. ಈಗ ಅವನ್ನೆಲ್ಲ ಕಿತ್ತು ಟೈಟಾನಿಯಂ ಹಾಕಿದ್ದಾರೆ. ಅಯೋಧ್ಯೆಯ ಹೊಸ ಮಂದಿರದಲ್ಲಿ ಕಲ್ಲು ಬೆಸೆಯಲು ಕಬ್ಬಿಣ ಬೇಡವೆಂದು ತೀರ್ಮಾನಿಸಿ, 2020ರಲ್ಲಿ ಟ್ರಸ್ಟ್ ಭಕ್ತರಿಂದ ಕೇಳಿದ್ದು ತಾಮ್ರದ ಪಟ್ಟಿಗಳನ್ನು: 18 ಅಂಗುಲ ಉದ್ದ, 30 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪ.

ಕಬ್ಬಿಣವೆಲ್ಲ ದ್ರೋಹಿಯೇನಲ್ಲ. ಕೊಲ್ಲೂರಿನ ಮೇಲಿನ ಕೊಡಚಾದ್ರಿಯಲ್ಲಿ, ನಾಡಿನ ಅತಿಹೆಚ್ಚು ಮಳೆ ಸುರಿಯುವ ತಾಣಗಳಲ್ಲೊಂದರಲ್ಲಿ, ಕುಲುಮೆಯವರು ಬಡಿದು ಮಾಡಿದ ಕಬ್ಬಿಣದ ಕಂಬವೊಂದು ಬಯಲಿನಲ್ಲೇ ನಿಂತಿದೆ. ಅದಕ್ಕೆ ಗಾಳಿಯಿದೆ, ಒಣಗಲು ಅವಕಾಶವಿದೆ. ನಮ್ಮ ಬೋಲ್ಟುಗಳಿಗೆ ಇರುವುದು ಸಂದು. ನೀರು ಹೋಗಲು ದಾರಿಯಿದೆ, ಬರಲು ಇಲ್ಲ.

ಕಲ್ಯಾಣದುರ್ಗ, ರಾಯದುರ್ಗದ ಕಡೆ ಹೋದರೆ ಗುಡ್ಡಗಳ ಮೇಲೆ ಗಾಳಿಯಂತ್ರಗಳು. ಆ ಬೃಹತ್ ಗೋಪುರಗಳು ಒಂದೇ ಕೊಳವೆಯಲ್ಲ, ತುಂಡು ತುಂಡು. ತುಂಡಿನ ಅಂಚಿಗೆ ಅಂಚು ಕೂರಿಸಿ ಸುತ್ತಲೂ ಹತ್ತಾರು, ಕೆಲವು ಕಡೆ ನೂರಕ್ಕೂ ಮೇಲೆ ಬೋಲ್ಟು ಹಾಕುತ್ತಾರೆ. ರೆಕ್ಕೆಗಳು ತಿರುಗಿದಂತೆಲ್ಲ ಗೋಪುರ ಬಾಗುತ್ತದೆ, ಸೆಟೆಯುತ್ತದೆ. ವರ್ಷಕ್ಕೆ ಲಕ್ಷಾಂತರ ಸಲ. ಅಷ್ಟಾದರೂ ಬೋಲ್ಟು ದಣಿದು ಮುರಿಯದಿರುವುದು ಬರಿ ಅದರ ಗಟ್ಟಿತನದಿಂದಲ್ಲ, ಬಿಗಿಯಿಂದ. ಹುಲ್ಲಿನ ಗಾಡಿಗೆ ಹಗ್ಗ ಬಿಗಿಯುವ ರೈತನಿಗೆ ಇದು ಗೊತ್ತು: ಹೊರೆ ಅಮುಕಿಕೊಂಡು ಕೂರುವಂತೆ ಬಿಗಿದ ಹಗ್ಗ ಊರು ಮುಟ್ಟುತ್ತದೆ, ಸಡಿಲ ಹಗ್ಗ ಹಳ್ಳ ದಿಣ್ಣೆಯಲ್ಲಿ ಜಗ್ಗಿ ಜಗ್ಗಿ ಸವೆಯುತ್ತದೆ. ಬಿಗಿದ ಬೋಲ್ಟು ಎರಡು ಅಂಚುಗಳನ್ನು ಅಷ್ಟು ಬಲವಾಗಿ ಒತ್ತಿಹಿಡಿದಿರುತ್ತದೆಂದರೆ ಗಾಳಿಯ ಏರಿಳಿತದ ಸ್ವಲ್ಪ ಪಾಲು ಮಾತ್ರ ಅದಕ್ಕೆ ತಟ್ಟುತ್ತದೆ. ಸಡಿಲವಾದರೆ ಪೂರ್ತಿ.

ಈ ಬಿಗಿ ಎಂದರೆ ಎಷ್ಟು? ತಲೆಯ ಮೇಲೆ 8.8 ಎಂದು ಒತ್ತಿದ 20 ಮಿಲಿಮೀಟರ್ ಬೋಲ್ಟನ್ನು ತೆಗೆದುಕೊಳ್ಳಿ. ಮೊದಲ ಎಂಟು ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆದರೆ ತುಂಡಾಗುತ್ತದೆ. ಚುಕ್ಕಿಯ ನಂತರದ ಎಂಟು ಎಂದರೆ ಅದರ ಶೇಕಡಾ 80ಕ್ಕೆ ಶಾಶ್ವತವಾಗಿ ಹಿಗ್ಗಲು ಶುರುವಾಗುತ್ತದೆ. ಉಕ್ಕಿನ ಕಟ್ಟಡಗಳ ಸಂಹಿತೆ ಐಎಸ್ 800 ಪ್ರಕಾರ ಇದನ್ನು ಪೂರ್ತಿ ಬಿಗಿದರೆ ಬರುವ ಒತ್ತು ಸುಮಾರು 14 ಟನ್. ಐದು ಘನ ಮೀಟರ್ ಗ್ರಾನೈಟಿನ ತೂಕ! ಲೇಪಾಕ್ಷಿಯ ಶಿಲ್ಪಿಗಳು ಬೆಟ್ಟದಿಂದ ಸೀಳಿ, ಎಳೆದು, ಎತ್ತಿ ಕೂರಿಸಿ ಪಡೆದದ್ದನ್ನು ನಾವು ಒಂದು ಪಾನಾ ತಿರುಗಿಸಿ ಪಡೆಯುತ್ತೇವೆ. ಕಲ್ಲಿನ ಭಾರ ತಾನಾಗಿ ಕಡಿಮೆಯಾಗದು. ಬೋಲ್ಟಿನ ಬಿಗಿ ಆಗುತ್ತದೆ.

ಅದೂ ನಾವು ತಿರುಗಿಸಿದ ಶಕ್ತಿಯೆಲ್ಲ ಬಿಗಿಯಾಗುವುದಿಲ್ಲ. ಸುಮಾರು ಶೇಕಡಾ 90 ನಟ್ಟಿನ ಕೆಳಗಿನ ಮತ್ತು ಆಟೆಗಳ ಘರ್ಷಣೆಗೇ ಹೋಗುತ್ತದೆ, ಉಳಿದ 10ರಷ್ಟು ಮಾತ್ರ ಬೋಲ್ಟನ್ನು ಹಿಗ್ಗಿಸುತ್ತದೆ. ಮಳೆಯಲ್ಲಿ ನೆನೆದು ಆಟೆ ತುಕ್ಕಾದ ಬೋಲ್ಟನ್ನು ಬೆವರು ಸುರಿಸಿ ತಿರುಗಿಸಿದವನಿಗೆ ಕೈ ನೋಯುತ್ತದೆ, ಬಿಗಿ ಬಂದಿರುವುದಿಲ್ಲ. ಎಣ್ಣೆ ಸುರಿದು ಅಷ್ಟೇ ಜೋರಾಗಿ ತಿರುಗಿಸಿದರೆ ಮಿತಿ ಮೀರಿ ಹಿಗ್ಗುತ್ತದೆ. ಆದ್ದರಿಂದಲೇ ಗಾಳಿಯಂತ್ರದವರು ಅಳತೆಯ ಪಾನಾ ಹಿಡಿದು, ನಿಗದಿಯಾದ ಲೇಪವನ್ನೇ ಹಚ್ಚಿ ಬಿಗಿಯುತ್ತಾರೆ. ಯಂತ್ರ ಕೆಲವು ನೂರು ಗಂಟೆ ಓಡಿದ ಮೇಲೆ ಮತ್ತೆ ಏರಿ ನೋಡುತ್ತಾರೆ. ನಮ್ಮ ಶೆಡ್ಡುಗಳಿಗೆ ಅಷ್ಟೆಲ್ಲ ಬೇಡ ಎನ್ನಬಹುದು. ಸ್ಪ್ರಿಂಗ್ ವೈಸರ್ ಹಾಕಿದ್ದೇವೆ, ಸಡಿಲವಾಗುವುದಿಲ್ಲ ಎಂಬ ಧೈರ್ಯ ಎಲ್ಲರಿಗೂ ಇದೆ. ಜರ್ಮನಿಯ ಗೆರ್‌ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿದ್ದು ಬೇರೆ: ಅಡ್ಡಡ್ಡ ಅದುರುವ ಜೋಡಣೆಯಲ್ಲಿ ನಟ್ಟು ತಾನಾಗಿ ಹಿಂದೆ ತಿರುಗುತ್ತದೆ. ಅವನ ಹೆಸರಿನ ಯಂತ್ರದಲ್ಲಿ ಪರೀಕ್ಷಿಸಿದಾಗ ಸ್ಪ್ರಿಂಗ್ ವೈಸರ್ ಅದನ್ನು ತಡೆಯುವುದಿಲ್ಲ. ಐವತ್ತು ವರ್ಷ ದಾಟಿತು, ವೈಸರ್ ಮಾರಾಟವೇನೂ ನಿಂತಿಲ್ಲ.

ಗಟ್ಟಿ ಬೋಲ್ಟಿಗೆ ಇನ್ನೊಂದು ರೋಗವಿದೆ, ಅದು ಒಳ್ಳೆಯ ಮಾಲಿಗೇ ಬರುವ ರೋಗ. ಉಕ್ಕು ಗಡಸಾದಷ್ಟೂ ಹೈಡ್ರೋಜನ್ನಿಗೆ ಅಂಜುತ್ತದೆ. ಲೇಪನಕ್ಕೆ ಮೊದಲು ಆಮ್ಲದಲ್ಲಿ ತೊಳೆದಾಗಲೋ, ತೇವದಲ್ಲಿ ತುಕ್ಕಾದಾಗಲೋ ಒಳಹೊಕ್ಕ ಹೈಡ್ರೋಜನ್ ಎಳೆತದ ಜಾಗಕ್ಕೆ ಸರಿದು ಲೋಹವನ್ನು ಪೆಳಸಾಗಿಸುತ್ತದೆ. ಬಿಗಿದಾಗ ಏನೂ ಆಗುವುದಿಲ್ಲ, ಗಂಟೆಗಳೋ ದಿನಗಳೋ ಕಳೆದ ಮೇಲೆ ಟಣ್ಣೆಂದು ತುಂಡಾಗುತ್ತದೆ. 2013ರ ಮಾರ್ಚಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಹೊಸ ಬೇ ಸೇತುವೆಯಲ್ಲಿ ಬಿಗಿದ 96 ಆಂಕರ್ ಸರಳುಗಳಲ್ಲಿ 32 ಹೀಗೆ ಮುರಿದವು. ಅವು ವರ್ಷಗಟ್ಟಲೆ ನೀರು ನಿಂತ ಗುಂಡಿಯಲ್ಲಿದ್ದವು. ಲಂಡನ್ನಿನ ಲೆಡನ್‌ಹಾಲ್ ಕಟ್ಟಡದಲ್ಲಿ 2014ರಲ್ಲಿ ತೋಳುದ್ದದ ಬೋಲ್ಟಿನ ತುಂಡು ಮೇಲಿಂದ ಬಿತ್ತು, ಅಲ್ಲೂ ಹೈಡ್ರೋಜನ್. 10.9 ಬೋಲ್ಟು 8.8ಕ್ಕಿಂತ ಗಟ್ಟಿ, ಆದ್ದರಿಂದ ಅದನ್ನೇ ಹಾಕು ಎನ್ನುವ ಗುತ್ತಿಗೆದಾರನಿಗೆ ಈ ಎರಡು ಕಥೆ ಹೇಳಬೇಕು.

ಕಾಂಕ್ರೀಟಿಗೆ ತೂತು ಕೊರೆದು ಹಾಕುವ ಆಂಕರುಗಳನ್ನು ನಮ್ಮ ಕಡೆ ಬರಿ ಫಾಸ್ನರ್ ಎನ್ನುತ್ತಾರೆ. ಇವುಗಳಲ್ಲಿ ಲೋಹ ಮುರಿಯುವುದು ಅಪರೂಪ, ಹಿಡಿತ ಬಿಡುತ್ತದೆ. ಅಂಚಿಗೆ ತೀರ ಹತ್ತಿರ ಕೊರೆದರೆ ಕಾಂಕ್ರೀಟಿನ ಚಕ್ಕೆಯೇ ಕಿತ್ತುಬರುತ್ತದೆ; ಪೊಳ್ಳು ಇಟ್ಟಿಗೆಗೆ ಹಾಕಿದರೆ ಹಿಡಿಯಲು ಏನೂ ಇರುವುದಿಲ್ಲ. ಅಂಟು ತುಂಬಿ ಕೂರಿಸುವ ಬಗೆಯಲ್ಲಿ ತೂತಿನ ದೂಳು ಊದದೆ ಬಿಟ್ಟರೆ ಅಂಟು ದೂಳಿಗೆ ಅಂಟುತ್ತದೆ, ಕಾಂಕ್ರೀಟಿಗಲ್ಲ. ಜಪಾನಿನ ಸಸಾಗೋ ಸುರಂಗದಲ್ಲಿ ಒಳಚಾವಣಿಯ ಕಾಂಕ್ರೀಟ್ ಹಲಗೆಗಳನ್ನು ಅಂಟಿನ ಬೋಲ್ಟುಗಳು ಹಿಡಿದಿದ್ದವು. 1977ರಲ್ಲಿ ತೆರೆದ ಸುರಂಗ ಅದು; 2012ರ ಡಿಸೆಂಬರ್ 2ರಂದು ಒಳಚಾವಣಿ 130 ಮೀಟರಿಗೂ ಹೆಚ್ಚು ಉದ್ದ ಕಳಚಿ ಬಿತ್ತು, 9 ಜನ ಸತ್ತರು. ಒಂದು ಬೋಲ್ಟು ಬಿಟ್ಟಾಗ ಅದರ ಹೊರೆ ಪಕ್ಕದ್ದಕ್ಕೆ ಬಿತ್ತು, ಅದೂ ಅಷ್ಟೇ ದುರ್ಬಲ. ಲೇಪಾಕ್ಷಿಯ ಮಂಟಪದಲ್ಲಿ ಪಕ್ಕದ ಕಂಬಗಳಿಗೆ ಬೇಕಾದಷ್ಟು ತ್ರಾಣ ಉಳಿದಿತ್ತು. ಸಸಾಗೋದಲ್ಲಿ ಯಾವುದಕ್ಕೂ ಉಳಿದಿರಲಿಲ್ಲ.

ಕೆಲವೊಮ್ಮೆ ಬೋಲ್ಟಿನ ತಪ್ಪು ಎಳ್ಳಷ್ಟೂ ಇರುವುದಿಲ್ಲ. ಅಮೆರಿಕದ ಕ್ಯಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಒಂದರ ಕೆಳಗೊಂದು ತೂಗುದಾರಿಗಳಿದ್ದವು. ನಕ್ಷೆಯಲ್ಲಿ ಒಂದೇ ಉದ್ದ ಸರಳು ಎರಡನ್ನೂ ದಾಟಿ ಇಳಿಯಬೇಕಿತ್ತು. ಅಷ್ಟುದ್ದಕ್ಕೆ ಆಟೆ ಕೊರೆಯುವ ತಾಪತ್ರಯ ತಪ್ಪಿಸಲು ಎರಡು ತುಂಡು ಮಾಡಿ, ಕೆಳಗಿನ ದಾರಿಯನ್ನು ಮೇಲಿನ ದಾರಿಯ ತೊಲೆಗೇ ನೇತುಹಾಕಿದರು. ಮೇಲಿನ ನಟ್ಟಿನ ಮೇಲೆ ಹೊರೆ ಎರಡು ಪಟ್ಟಾಯಿತು. 1981ರ ಜುಲೈ 17ರ ಸಂಜೆ ನಟ್ಟು ತೊಲೆಯನ್ನೇ ಹರಿದುಕೊಂಡು ಹೊರಬಂತು, 114 ಸಾವು. ನಮ್ಮ ವೆಲ್ಡಿಂಗ್ ಅಂಗಡಿಗಳಲ್ಲಿ ದಿನವೂ ಇಂಥ ಸಣ್ಣ ಅನುಕೂಲಗಳು ನಡೆಯುತ್ತವೆ: ತೂತು ಕೂಡದಿದ್ದರೆ ಗ್ಯಾಸ್ ಕಟರಿನಿಂದ ಅಗಲಿಸುವುದು, ನಾಲ್ಕು ಫೌಂಡೇಷನ್ ಬೋಲ್ಟುಗಳಲ್ಲಿ ಒಂದು ಓರೆಯಾಗಿದ್ದರೆ ಬಗ್ಗಿಸುವುದು, ಬಗ್ಗದಿದ್ದರೆ ಕತ್ತರಿಸಿ ಮೂರಕ್ಕೇ ನಟ್ಟು ಹಾಕುವುದು. ಗ್ಯಾಸ್ ಜ್ವಾಲೆ ತಾಗಿದ 8.8 ಬೋಲ್ಟು ತಲೆಯ ಮೇಲಿನ ಅಂಕಿಯನ್ನು ಮಾತ್ರ ಉಳಿಸಿಕೊಂಡಿರುತ್ತದೆ, ಗಡಸನ್ನಲ್ಲ.

ಕೇಂದ್ರ ಸರ್ಕಾರ 2023ರಲ್ಲಿ ಬೋಲ್ಟು, ನಟ್ಟು, ಫಾಸ್ನರುಗಳಿಗೆ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು. ಅಮೆರಿಕ ನಕಲಿ ಬೋಲ್ಟುಗಳಿಂದ ಬೇಸತ್ತು 1990ರಲ್ಲೇ ಇದಕ್ಕಾಗಿ ಕಾನೂನು ಮಾಡಿತ್ತು. ಆದೇಶ ಬೇಕಾದದ್ದೇ. ಆದರೆ ಅಂಗಡಿಯಲ್ಲಿ ಬೋಲ್ಟು ಕಿಲೋ ಲೆಕ್ಕದಲ್ಲಿ ತಕ್ಕಡಿಗೆ ಬೀಳುವವರೆಗೆ ಆದೇಶ ಅಷ್ಟು ದೂರ ನಡೆದು ಬರಲಾರದು ಎಂಬುದು ನನ್ನ ಅನುಮಾನ. ತಲೆಯ ಮೇಲೆ ಅಂಕಿ ಮತ್ತು ತಯಾರಕರ ಗುರುತು ಎರಡೂ ಇಲ್ಲದ ಬೋಲ್ಟನ್ನು ಭಾರ ಹೊರುವ ಕಡೆ ಹಾಕಬಾರದು; ಇದನ್ನು ನೋಡಲು ಎಂಜಿನಿಯರ್ ಬೇಕಿಲ್ಲ, ಕಣ್ಣು ಸಾಕು. 2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯ ತೂಗುಸೇತುವೆ ಕುಸಿದು 135 ಜನ ಸತ್ತಾಗ ವಿಧಿವಿಜ್ಞಾನ ವರದಿಯಲ್ಲಿ ಬಂದದ್ದು ತುಕ್ಕು ಹಿಡಿದ ಕೇಬಲ್, ಮುರಿದ ಆಂಕರ್ ಪಿನ್ನು, ಸಡಿಲ ಬೋಲ್ಟು. ಕೆಲವೇ ದಿನಗಳ ಹಿಂದೆ ದುರಸ್ತಿ ಮುಗಿಸಿ ತೆರೆದ ಸೇತುವೆ ಅದು. ನಡೆಯುವವರ ಕಾಲಿಗೆ ಸಿಗುವ ನೆಲಹಾಸನ್ನು ಹೊಸದು ಮಾಡಿದ್ದರು.

ಹುಳುಮನೆ ಇರುವವರು, ಗೋದಾಮು ಇರುವವರು ಯುಗಾದಿಯ ಸುಣ್ಣಬಣ್ಣದ ಹೊತ್ತಿಗೆ ಏಣಿ ಹೇಗೂ ಹಾಕುತ್ತಾರೆ. ಅದೇ ಏಣಿಯಲ್ಲಿ ಚಾವಣಿಯ ನಾಲ್ಕು ಮೂಲೆ ಮತ್ತು ಸೂರಂಚಿನ ಸ್ಕ್ರೂಗಳನ್ನು ನೋಡಿ, ಕೈಯಲ್ಲಿ ತಿರುಗುವುದನ್ನು ತೆಗೆದು ಒಂದಳತೆ ದಪ್ಪದ್ದನ್ನು ಹಾಕಿ, ಒಣಗಿದ ರಬ್ಬರ್ ವೈಸರ್ ಬದಲಿಸಿದರೆ ಒಂದು ದಿನದ ಕೆಲಸ. ಮೂಲೆಯಿಂದ ಒಂದೆರಡು ಮೀಟರಿನವರೆಗೆ ತಗಡಿನ ಪ್ರತಿ ಏಣಿಗೂ ಸ್ಕ್ರೂ ಇರಲಿ. ನಡುಭಾಗದ್ದು ಮುಂದಿನ ವರ್ಷಕ್ಕೆ ಕಾದರೂ ನಡೆಯುತ್ತದೆ.